ಹರಿದ ಹಾಲೆ, ಮತ್ತೆ ಓಲೆ: ಬೆಂಗಳೂರು ದಂಡುಪ್ರದೇಶದಲ್ಲಿ ಕಿವಿಯ ಶಸ್ತ್ರಚಿಕಿತ್ಸೆ

ಕಿವಿಯ ಆಕಾರ ತಿದ್ದುವ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ 1881ರಿಂದ ಹಿಡಿಯುತ್ತವೆ. ನ್ಯೂಯಾರ್ಕಿನ ಎಡ್ವರ್ಡ್ ಈಲಿ ಹುಡುಗನೊಬ್ಬನ ಮುಂಚಾಚಿದ ಕಿವಿಗಳನ್ನು ಹಿಂದಕ್ಕೆ ಕೂರಿಸಿದ ವರದಿ ಬಂದದ್ದು ಆ ವರ್ಷ. ಮುಂದೆ 1963ರಲ್ಲಿ ಮುಸ್ಟಾರ್ಡೆ, 1968ರಲ್ಲಿ ಫರ್ನಾಸ್ ತಮ್ಮ ತಮ್ಮ ಹೊಲಿಗೆಯ ವಿಧಾನಗಳನ್ನು ಕೊಟ್ಟರು. ಬೆಂಗಳೂರು ದಂಡುಪ್ರದೇಶದ ಹಲಸೂರು, ಶಿವಾಜಿನಗರಗಳ ಮಟ್ಟಿಗೆ ಈ ಕಾಲಾನುಕ್ರಮ ಸಾಲದು. ಇಲ್ಲಿ ಕಿವಿಯ ರಿಪೇರಿ ಶುರುವಾಗುವುದು ಒಡವೆಯಿಂದ.

1809ರಲ್ಲಿ ಬ್ರಿಟಿಷ್ ದಂಡು ನೆಲೆಯೂರಿದ ಮೇಲೆ ಮದ್ರಾಸ್ ಸೀಮೆಯ ತಮಿಳು ಕುಟುಂಬಗಳು ಇತ್ತ ಬಂದವು; ದಖ್ಖನಿ ಮಾತಾಡುವ ಮನೆಗಳೂ ಬೆಳೆದವು. ಒಂದೆಡೆ ಹಾಲೆಯಲ್ಲಿ ತೂಕದ ಓಲೆ, ಜುಮಕಿ. ಇನ್ನೊಂದೆಡೆ ಕಿವಿಯಂಚಿನುದ್ದಕ್ಕೂ ಬಾಲಿಗಳ ಸಾಲು. ಜನಾಂಗ ಅಧ್ಯಯನಕಾರ ಎಡ್ಗರ್ ಥರ್ಸ್ಟನ್ 1906ರ ತನ್ನ ಗ್ರಂಥದಲ್ಲಿ ದಕ್ಷಿಣದ ಹೆಂಗಸರ ಹಿಗ್ಗಿಸಿದ ಹಾಲೆಗಳನ್ನು ಅಂಗವಿಕಾರ, ಅಂಗಚ್ಛೇದಗಳ ಅಧ್ಯಾಯಕ್ಕೆ ಸೇರಿಸಿದ. ಧರಿಸಿದವರಿಗೆ ಅದು ಅಲಂಕಾರವಾಗಿತ್ತು ಎಂಬುದನ್ನು ಆ ವಿಂಗಡಣೆ ಮರೆಸಿಬಿಡುತ್ತದೆ.

ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ಈ ವಿಷಯವನ್ನು ಬೇರೆ ರೀತಿಯಲ್ಲಿ ಕಾಣುತ್ತದೆ. ಮಗುವಿನ ಕಿವಿ ಚುಚ್ಚಿ, ತೂತಿಗೆ ಹತ್ತಿಯ ಬತ್ತಿ ಇಟ್ಟು, ಮೂರು ದಿನಕ್ಕೊಮ್ಮೆ ಬತ್ತಿಯನ್ನು ದಪ್ಪ ಮಾಡುತ್ತ ಹೋಗಬೇಕು. ಹೀಗೆ ಹಿಗ್ಗಿದ ಹಾಲೆ ಪೆಟ್ಟಿನಿಂದಲೋ ದೋಷದಿಂದಲೋ ಸೀಳಿದರೆ ಕೂಡಿಸಲು 15 ವಿಧಾನಗಳಿವೆ. ಹಾಲೆಯೇ ಇಲ್ಲದವರಿಗೆ ಕೆನ್ನೆಯ ಮಾಂಸವನ್ನು ಬುಡ ಕಡಿಯದೆ ಎಬ್ಬಿಸಿ ಹಾಲೆ ಕಟ್ಟಬಹುದು. ಕೂಡಿಸಿದ ಮೇಲೆ ಜೇನು, ತುಪ್ಪ ಸವರಿ, ಹತ್ತಿ ಬಟ್ಟೆ ಇಟ್ಟು, ದಾರವನ್ನು ಅತಿ ಬಿಗಿಯೂ ಅತಿ ಸಡಿಲವೂ ಆಗದಂತೆ ಸುತ್ತಬೇಕು. ಗಾಯ ನೋವಿಲ್ಲದೆ ಗಟ್ಟಿಯಾಗಿ ಮಾಗಿದ ಬಳಿಕ ಆ ಕಿವಿಯನ್ನು ನಿಧಾನವಾಗಿ ಮತ್ತೆ ಹಿಗ್ಗಿಸಬಹುದು. ಈ ಕೊನೆಯ ಸೂಚನೆಗೆ ವಿದ್ವಾಂಸರು ಸಾಕಷ್ಟು ಗಮನ ಕೊಟ್ಟಿಲ್ಲವೆಂದೇ ನನ್ನ ಭಾವನೆ. ಒಡವೆ ಮರಳಿ ಕಿವಿಗೇರಿದಾಗಲೇ ಅಲ್ಲಿ ಚಿಕಿತ್ಸೆ ಪೂರ್ಣ.

ಇಂದಿಗೂ ಕಿವಿ ಹೊಲಿಸಿಕೊಳ್ಳಲು ಬರುವವರು ಮೊದಲು ಕೇಳುವುದು ‘ಓಲೆ ಯಾವಾಗ ಹಾಕ್ಕೋಬಹುದು?’ ಎಂದೇ. ಹರಿದ ತೂತಿನ ಒಳಗೋಡೆಗೆ ಚರ್ಮ ಬೆಳೆದಿರುವುದರಿಂದ ಅದು ತಾನಾಗಿ ಕೂಡದು. ಬರಿದೆ ಅಂಟು ಹಾಕಿದರೂ ನಿಲ್ಲದು. ವೈದ್ಯರು ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಆ ಚರ್ಮವನ್ನು ಹೆರೆದು, ಹಸಿ ಅಂಚುಗಳನ್ನು ಎದುರುಬದುರು ತಂದು ಹೊಲಿಯುತ್ತಾರೆ. ಹೊಲಿಗೆ ನೇರ ಗೆರೆಯಾದರೆ ಮಾಗುವಾಗ ಕುಗ್ಗಿ ಹಾಲೆಯ ತುದಿಯಲ್ಲಿ ಕಚ್ಚು ಉಳಿಯಬಹುದು. ಅದಕ್ಕಾಗಿ ಕೆಲವರು ತುದಿಯಲ್ಲಿ ಅಂಕುಡೊಂಕಾಗಿ ಕೊಯ್ದು ಹೊಲಿಯುತ್ತಾರೆ.

ಇಂದಿರಾನಗರದ ಯುವಜನರು ಮೆಚ್ಚುವ ಮೇಲ್ಗಿವಿಯ ಚುಚ್ಚು ಬೇರೆಯೇ ಬಗೆಯದು. ಅಲ್ಲಿರುವುದು ಮೃದ್ವಸ್ಥಿ. ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ, ಮೇಲಿನ ಪೊರೆಯೇ ಆಧಾರ. ಕೀವಾಗಿ ಪೊರೆ ಬಿಟ್ಟುಕೊಂಡರೆ ಒಳಗಿನದು ಕರಗಿ ಕಿವಿ ಮುದುಡುತ್ತದೆ. ಅದನ್ನು ಮರಳಿ ಕಟ್ಟಲು ಪಕ್ಕೆಲುಬಿನ ಮೃದ್ವಸ್ಥಿ ಬೇಕಾಗಬಹುದು. ಹಾಲೆಯ ಹೊಲಿಗೆಗೂ ಅದಕ್ಕೂ ಹೋಲಿಕೆಯಿಲ್ಲ.

ಹಾಲೆ ಹೊಲಿದವರೇ ಮರುಚುಚ್ಚುವಿಕೆಯನ್ನೂ ಚಿಕಿತ್ಸೆಯ ಭಾಗವಾಗಿ ಯೋಜಿಸಬೇಕೆಂಬುದು ನನ್ನ ವಾದ. ಕೆಲವು ತಿಂಗಳು ಕಾದು, ಹಳೆಯ ಕಲೆಯ ಮೇಲೆ ಚುಚ್ಚದೆ ಪಕ್ಕದ ಗಟ್ಟಿ ಚರ್ಮದಲ್ಲಿ ಚುಚ್ಚಿ, ಮೊದಲು ಹಗುರ ಓಲೆಯನ್ನಷ್ಟೇ ಹಾಕಿಸಬೇಕು. ಕೆಲಾಯ್ಡ್ (ಉಬ್ಬಿ ಹಬ್ಬುವ ಗಾಯದ ಕಲೆ) ಬೆಳೆಯುವ ಮೈಯವರಿಗೆ ಆ ಅಪಾಯವನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ಜುಮಕಿಯ ಆಸೆಯುಳ್ಳವರಿಗೆ ಭಾರವನ್ನು ಕೂದಲಿಗೆ ವರ್ಗಾಯಿಸುವ ಮಾಟಿಯನ್ನು ಸೂಚಿಸಬಹುದು.