ತಾಳೆ ನೋಡುವವರು

ಕಳೆದ ವರ್ಷದ ಏಪ್ರಿಲ್. ಮೈಸೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಫ್ಯಾನ್ ಹಾಕಿದರೆ ಬಿಸಿಗಾಳಿ, ಹಾಕದಿದ್ದರೆ ಸೆಖೆ. ಮೇಜಿನ ಕೆಳಗಿದ್ದ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಮಾತ್ರ ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ನಾನು ಮಲಗಿದಾಗ, ಲೈಬ್ರರಿಗೆ ಹೋದಾಗ ಅದು ಬೇರೆಯವರ ಕೆಲಸ ಮಾಡುತ್ತಿತ್ತು. 'ಐನ್‌ಸ್ಟೈನ್ ಅಟ್ ಹೋಮ್' ಎಂಬ ಯೋಜನೆ ಕಳಿಸುವ ಆಕಾಶದ ಸಂಕೇತಗಳ ರಾಶಿಯಲ್ಲಿ ಪಲ್ಸಾರ್ ನಕ್ಷತ್ರಗಳ ಸುಳಿವು ಹುಡುಕುವ ಕೆಲಸ ಅದು. ಯಾರು ಬೇಕಾದರೂ ತಮ್ಮ ಕಂಪ್ಯೂಟರಿನ ಬಿಡುವಿನ ವೇಳೆಯನ್ನು ಹೀಗೆ ದಾನ ಮಾಡಬಹುದು. ಒಂದು ದಿನ ಯೋಜನೆಯವರ ಪಟ್ಟಿ ತೆರೆದು ನೋಡಿದರೆ, ನನ್ನ ಯಂತ್ರ ಕಳಿಸಿದ ಹದಿನೇಳು ಉತ್ತರಗಳ ಮುಂದೆ 'ಅಮಾನ್ಯ' ಎಂದಿತ್ತು.

ಮೊದಲು ಬಂದದ್ದು ಸಿಟ್ಟು. ಕರೆಂಟು ನನ್ನದು, ಯಂತ್ರ ನನ್ನದು, ಬಿಟ್ಟಿ ದುಡಿದದ್ದಕ್ಕೆ ಇಂಥ ಮರ್ಯಾದೆ! ತಪ್ಪು ಅವರದ್ದೇ ಇರಬೇಕು ಎಂದುಕೊಂಡು ಎರಡು ವಾರ ಸುಮ್ಮನಿದ್ದೆ. ಆ ಎರಡು ವಾರಗಳಿಗೆ ನಾನು ತೆತ್ತ ಬೆಲೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಆಗ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಎಲ್ಲೋ ದೂರದಲ್ಲಿ ಕುಳಿತವರಿಗೆ, ನನ್ನ ಮೇಜಿನ ಕೆಳಗಿನ ಯಂತ್ರ ತಪ್ಪು ಹೇಳುತ್ತಿದೆ ಎಂದು ತಿಳಿದದ್ದಾದರೂ ಹೇಗೆ? ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿ. ಹತ್ತೊಂಬತ್ತನೆಯ ಶತಮಾನದ ಶಾನುಭೋಗರ ಲೆಕ್ಕದ ಕಡತಗಳು ನನ್ನ ವಿಷಯ. ಲೆಕ್ಕ ಬರೆದವರನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದು ನನಗೆ ದಿನನಿತ್ಯದ ಪ್ರಶ್ನೆ. ಹಾಗಾಗಿ ಈ ಹೊಸ ಲೆಕ್ಕಿಗರ ಇತಿಹಾಸವನ್ನೂ ಕೆದಕಿದೆ.

ಈ ಕಥೆಯ ಆರಂಭದ ಅಧ್ಯಾಯಗಳಲ್ಲಿ ಒಂದು 1996ರದ್ದು. ಆ ವರ್ಷದ ಜನವರಿಯಲ್ಲಿ ಅಮೆರಿಕದ ಪ್ರೋಗ್ರಾಮರ್ ಜಾರ್ಜ್ ವೋಲ್ಟ್‌ಮನ್ 'ಗಿಂಪ್ಸ್' ಎಂಬ ಯೋಜನೆ ಶುರುಮಾಡಿದರು. 2ರ ಯಾವುದೋ ಘಾತದಿಂದ 1 ಕಳೆದರೆ ಸಿಗುವ ಅವಿಭಾಜ್ಯ ಸಂಖ್ಯೆಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು. ಅಂಥ ದೊಡ್ಡ ಸಂಖ್ಯೆಗಳನ್ನು ಮನೆಮನೆಯ ಕಂಪ್ಯೂಟರುಗಳಿಂದ ಹುಡುಕಿಸುವುದು ಅವರ ಆಲೋಚನೆ. ಅದೇ ನವೆಂಬರಿನಲ್ಲಿ ಮೊದಲ ಸಂಖ್ಯೆ ಸಿಕ್ಕಿತು. 1999ರ ಮೇ 17ರಂದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 'ಸೆಟಿ ಅಟ್ ಹೋಮ್' ಬಂತು. ಪೋರ್ಟೊರಿಕೊದ ಅರೆಸಿಬೊ ರೇಡಿಯೋ ದೂರದರ್ಶಕ ಹಿಡಿದ ಸಂಕೇತಗಳು ಟೇಪುಗಳಲ್ಲಿ ತುಂಬಿ ಬರ್ಕ್ಲಿಗೆ ಬರುತ್ತಿದ್ದವು. ಅಲ್ಲಿ ಅವನ್ನು 107 ಸೆಕೆಂಡುಗಳ ಸಣ್ಣ ತುಣುಕುಗಳಾಗಿ ಕತ್ತರಿಸಿ ಮನೆಗಳಿಗೆ ಹಂಚುತ್ತಿದ್ದರು. ಬೇರೆ ಲೋಕದ ಜೀವಿಗಳ ಕರೆ ತಮ್ಮ ಮನೆಯ ಕಂಪ್ಯೂಟರಿಗೇ ಕೇಳಿಸಬಹುದು ಎಂಬ ಆಸೆಯಿಂದ ವರ್ಷಗಳು ಕಳೆದಂತೆ 50 ಲಕ್ಷಕ್ಕೂ ಹೆಚ್ಚು ಜನ ಸೇರಿಕೊಂಡರು.

ಜನ ಸೇರಿದಲ್ಲಿ ಪೈಪೋಟಿಯೂ ಸೇರುತ್ತದೆ. ಯಾರು ಎಷ್ಟು ತುಣುಕು ಮುಗಿಸಿದರು ಎಂಬುದಕ್ಕೆ ಅಂಕಪಟ್ಟಿಯಿತ್ತು. ಅದರಲ್ಲಿ ಮೇಲೇರಲೆಂದು ಕೆಲವರು ಪ್ರೋಗ್ರಾಮನ್ನೇ ತಿದ್ದಿ, ಮಾಡದ ಲೆಕ್ಕವನ್ನು ಮಾಡಿದಂತೆ ಕಳಿಸತೊಡಗಿದರು. ಆದರೆ ಸುಳ್ಳು ಹೇಳುವವರಿಗಿಂತ ದೊಡ್ಡ ಸಮಸ್ಯೆ, ತಾನು ತಪ್ಪು ಹೇಳುತ್ತಿದ್ದೇನೆಂದು ತನಗೇ ಗೊತ್ತಿಲ್ಲದ ಯಂತ್ರ. ಧೂಳು ತುಂಬಿದ ಫ್ಯಾನು, ವೇಗದ ಆಸೆಗೆ ಮಿತಿಮೀರಿ ಓಡಿಸಿದ ಪ್ರೊಸೆಸರ್, ಏರುಪೇರಾಗುವ ಕರೆಂಟು, ಹಾಳಾದ ಮೆಮೊರಿ. ಇಂಥ ಕಂಪ್ಯೂಟರಿನಲ್ಲಿ ಸಿನಿಮಾ ಓಡುತ್ತದೆ, ಪತ್ರ ಟೈಪಾಗುತ್ತದೆ. ಎಲ್ಲೋ ಒಂದು ಸೊನ್ನೆ ಒಂದಾದರೆ ಯಾರಿಗೂ ಕಾಣುವುದಿಲ್ಲ. ವಾರಗಟ್ಟಲೆ ನಡೆಯುವ ಲೆಕ್ಕದಲ್ಲಿ ಮಾತ್ರ ಆ ಒಂದು ಸೊನ್ನೆ ಇಡೀ ಉತ್ತರವನ್ನು ಕೆಡಿಸುತ್ತದೆ.

ಇದಕ್ಕೆ ಈ ಯೋಜನೆಗಳು ಕಂಡುಕೊಂಡ ಮದ್ದು ನಮ್ಮ ಅಂಗಡಿ ಲೆಕ್ಕದವರಿಗೆ ಹಳೆಯದು: ತಾಳೆ ನೋಡುವುದು. ಒಂದೇ ಕೆಲಸವನ್ನು ಒಬ್ಬರನ್ನೊಬ್ಬರು ಅರಿಯದ ಇಬ್ಬರಿಗೆ ಕೊಡುವುದು. ಉತ್ತರ ಹೊಂದಿದರೆ ಒಪ್ಪುವುದು, ಹೊಂದದಿದ್ದರೆ ಮೂರನೆಯವರಿಗೆ ಕೊಡುವುದು. ಗಿಂಪ್ಸ್‌ನಲ್ಲಿ ಪ್ರತಿ ಪರೀಕ್ಷೆಯ ಕೊನೆಗೆ ಉಳಿಯುವ ಶೇಷದ ಒಂದು ಸಣ್ಣ ಭಾಗವನ್ನು ಹೀಗೆ ಹೋಲಿಸುತ್ತಿದ್ದರು. ಎರಡನೆಯ ಸಲ ಲೆಕ್ಕ ಮಾಡುವಾಗ ಅಂಕೆಗಳ ಸ್ಥಾನವನ್ನು ಬೇಕೆಂದೇ ಸರಿಸುತ್ತಿದ್ದರು, ಇಬ್ಬರೂ ಒಂದೇ ಗುಂಡಿಗೆ ಬೀಳದಿರಲಿ ಎಂದು.

2010ರ ಆಗಸ್ಟಿನಲ್ಲಿ ಐನ್‌ಸ್ಟೈನ್ ಅಟ್ ಹೋಮ್ ತನ್ನ ಮೊದಲ ಪಲ್ಸಾರನ್ನು ಪ್ರಕಟಿಸಿದಾಗ ಶ್ರೇಯಸ್ಸು ಎರಡು ಕಡೆಗೆ ಸಂದಿತು. ಒಂದು ಅಮೆರಿಕದ ಅಯೋವಾ ರಾಜ್ಯದ ದಂಪತಿಗಳಿಗೆ, ಇನ್ನೊಂದು ಜರ್ಮನಿಯ ಮೈನ್ಸ್ ನಗರಕ್ಕೆ. ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಆ ನಕ್ಷತ್ರವನ್ನು ಮೊದಲು ಒಂದು ಯಂತ್ರ ಕಂಡಿತ್ತು, ಮೂರು ದಿನಗಳ ಬಳಿಕ ಇನ್ನೊಂದು. ಒಬ್ಬರೇ ಕಂಡಿದ್ದರೆ ಅದು ಸುದ್ದಿ. ಇಬ್ಬರು ಕಂಡದ್ದರಿಂದ ಸಾಕ್ಷ್ಯ.

ಆದರೆ ಪ್ರಾಮಾಣಿಕರಾದ ಇಬ್ಬರ ಉತ್ತರವೂ ಹೊಂದದಿರಬಹುದು. 2004ರಲ್ಲಿ ಶುರುವಾದ 'ಎಲ್‌ಎಚ್‌ಸಿ ಅಟ್ ಹೋಮ್' ಯೋಜನೆಯಲ್ಲಿ ಸರ್ನ್ ಸಂಸ್ಥೆಯ ವಿಜ್ಞಾನಿಗಳು ಇದನ್ನು ಎದುರಿಸಿದರು. ವೇಗವರ್ಧಕದ ಉಂಗುರದಲ್ಲಿ ಕಣಗಳು ಲಕ್ಷಾಂತರ ಸುತ್ತು ಸುತ್ತಿದರೆ ದಾರಿ ತಪ್ಪುತ್ತವೆಯೇ ಎಂಬುದು ಅಲ್ಲಿನ ಲೆಕ್ಕ. ಸೈನ್, ಲಾಗರಿದಮ್‌ನಂಥ ಬೆಲೆಗಳ ಕಟ್ಟಕಡೆಯ ಅಂಕೆಯನ್ನು ಒಂದೊಂದು ಬಗೆಯ ಕಂಪ್ಯೂಟರು ಒಂದೊಂದು ರೀತಿ ಪೂರ್ಣಗೊಳಿಸುತ್ತಿತ್ತು. ಆ ಕೂದಲೆಳೆಯ ವ್ಯತ್ಯಾಸ ಸುತ್ತು ಸುತ್ತಿಗೂ ಬೆಳೆದು ಕೊನೆಗೆ ಕಣ ಬೇರೆಯೇ ಕಡೆ ಇರುತ್ತಿತ್ತು. ಫ್ರಾನ್ಸಿನ ಲಿಯಾನ್‌ನಲ್ಲಿ ಸಿದ್ಧವಾದ, ಎಲ್ಲ ಯಂತ್ರಗಳಲ್ಲೂ ಕೊನೆಯ ಅಂಕೆಯನ್ನು ಒಂದೇ ತೆರನಾಗಿ ಪೂರ್ಣಗೊಳಿಸುವ ಗಣಿತ ಲೈಬ್ರರಿಯನ್ನು ಜೋಡಿಸಿದ ಮೇಲೆ ಯಂತ್ರಗಳ ಮಾತು ಒಂದಾಯಿತು. ಒಂದೊಂದು ಸೀಮೆಗೆ ಒಂದೊಂದು ಸೇರು, ಬಳ್ಳ ಇದ್ದ ಕಾಲದ ಕಡತಗಳನ್ನು ಓದುವ ನನಗೆ ಈ ಕಷ್ಟ ಚೆನ್ನಾಗಿ ಅರ್ಥವಾಯಿತು. ಅಳತೆ ಒಂದಾಗದೆ ತಾಳೆ ನೋಡಲಾಗದು.

ಇನ್ನು ಎಲ್ಲರ ಉತ್ತರ ಹೊಂದಿಯೂ ತಪ್ಪಾಗುವುದುಂಟು. 2006ರಲ್ಲಿ ಬಿಬಿಸಿ ಮತ್ತು 'ಕ್ಲೈಮೇಟ್ ಪ್ರಿಡಿಕ್ಷನ್' ಯೋಜನೆ ಸೇರಿ, 1920ರಿಂದ 2080ರವರೆಗಿನ ಹವಾಮಾನವನ್ನು ವೀಕ್ಷಕರ ಮನೆಯ ಕಂಪ್ಯೂಟರುಗಳಲ್ಲಿ ಲೆಕ್ಕ ಹಾಕಿಸಿದವು. ಏಪ್ರಿಲ್ ಹೊತ್ತಿಗೆ, ಎಲ್ಲರಿಗೂ ಹಂಚಿದ್ದ ಒಂದು ಕಡತದಲ್ಲೇ ದೋಷವಿದೆ ಎಂದು ತಿಳಿಯಿತು. ಮನುಷ್ಯರು ಗಾಳಿಗೆ ಬಿಡುವ ಸಲ್ಫೇಟ್ ಕಣಗಳ ವಿವರವಿದ್ದ ಕಡತ ಅದು. ಭೂಮಿಯನ್ನು ತುಸು ತಂಪಾಗಿಡುವ ಆ ಕಣಗಳ ಲೆಕ್ಕ ತಪ್ಪಿದ್ದರಿಂದ ಎಲ್ಲರ ಯಂತ್ರದಲ್ಲೂ ಭೂಮಿ ಬೇಗ ಬಿಸಿಯಾಗುತ್ತಿತ್ತು. ವಾರಗಟ್ಟಲೆ ಓಡಿಸಿದ ಲೆಕ್ಕ ಮತ್ತೆ ಮೊದಲಿನಿಂದ. ಯಂತ್ರಗಳಲ್ಲಿ ತಪ್ಪಿರಲಿಲ್ಲ, ಮೂಲಪ್ರತಿಯೇ ಕೆಟ್ಟಿತ್ತು. ಹತ್ತು ಓಲೆಪ್ರತಿಗಳು ಒಂದೇ ಪಾಠ ಹೇಳಿದರೂ, ಅವೆಲ್ಲ ಒಂದೇ ತಪ್ಪು ಪ್ರತಿಯಿಂದ ಇಳಿದು ಬಂದಿದ್ದರೆ ಆ ಹತ್ತು ಸಾಕ್ಷಿಗಳೂ ಒಂದೇ ಸಾಕ್ಷಿ ಎಂದು ಗ್ರಂಥಸಂಪಾದನೆಯ ತರಗತಿಯಲ್ಲಿ ಕೇಳಿದ್ದು ನೆನಪಾಯಿತು.

ಕೆಲವೊಮ್ಮೆ ತಪ್ಪು ಇದಕ್ಕಿಂತಲೂ ಆಳದಲ್ಲಿರುತ್ತದೆ. 1994ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ, ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಹೊಂದದೆ ತಿಂಗಳುಗಟ್ಟಲೆ ತಲೆಕೆಡಿಸಿಕೊಂಡರು. ತನ್ನ ಪ್ರೋಗ್ರಾಮನ್ನೂ ಬೇರೆ ಭಾಗಗಳನ್ನೂ ಒಂದೊಂದಾಗಿ ಅನುಮಾನಿಸಿ, ಕೊನೆಗೆ ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ ಭಾಗಾಕಾರವನ್ನೇ ತಪ್ಪು ಮಾಡುತ್ತಿದೆ ಎಂದು ತೋರಿಸಿದರು. ಚಿಪ್ ಬದಲಿಸಿಕೊಡಲು ಇಂಟೆಲ್ 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು. 2016ರ ಜನವರಿಯಲ್ಲಿ ಅದೇ ಕಂಪನಿಯ ಸ್ಕೈಲೇಕ್ ಪ್ರೊಸೆಸರುಗಳು ಗಿಂಪ್ಸ್‌ನ ಪ್ರೋಗ್ರಾಂ ಓಡಿಸುವಾಗ ಸ್ತಬ್ಧವಾಗುತ್ತವೆ ಎಂದು ಸ್ವಯಂಸೇವಕರು ತೋರಿಸಿದಾಗಲೂ ಕಂಪನಿ ದೋಷವನ್ನು ಒಪ್ಪಿ ಸರಿಪಡಿಸಿತು. ಎರಡೂ ಸಲ ದೋಷ ಬಯಲಾದದ್ದು, ಉತ್ತರ ಯಾಕೆ ಸರಿಬರುತ್ತಿಲ್ಲ ಎಂದು ಹಟಹಿಡಿದು ಕುಳಿತವರಿಂದ.

ಈ ಓದಿನಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಇನ್ನೆರಡು ಘಟನೆಗಳು. 'ಡಿಸ್ಟ್ರಿಬ್ಯೂಟೆಡ್ ಡಾಟ್ ನೆಟ್' ಎಂಬ ಬಳಗ 64 ಬಿಟ್‌ನ ಒಂದು ರಹಸ್ಯ ಕೀಲಿಯನ್ನು ಹುಡುಕಲು 1,757 ದಿನ ದುಡಿಯಿತು. ಭಾಗವಹಿಸಿದವರು 3,31,252 ಮಂದಿ. 2002ರ ಜುಲೈ 14ರಂದು ಟೋಕಿಯೊದ ಒಂದು ಸಾಧಾರಣ ಪೆಂಟಿಯಂ ಕಂಪ್ಯೂಟರ್ ಸರಿಯಾದ ಕೀಲಿಯನ್ನು ಕಳಿಸಿತು. ಅದನ್ನು ಗುರುತಿಸಬೇಕಿದ್ದ ಸರ್ವರಿನ ಪ್ರೋಗ್ರಾಂ ಕೆಟ್ಟಿತ್ತು. ಆಗಸ್ಟ್ 12ರವರೆಗೆ ಯಾರಿಗೂ ತಿಳಿಯಲಿಲ್ಲ. ಅಷ್ಟೂ ದಿನ ಲಕ್ಷಾಂತರ ಜನರ ಯಂತ್ರಗಳು, ಆಗಲೇ ಮನೆಗೆ ಬಂದಿದ್ದ ಉತ್ತರವನ್ನು ಊರೆಲ್ಲ ಹುಡುಕುತ್ತಿದ್ದವು.

ಗಿಂಪ್ಸ್‌ಗೂ ಇದೇ ಆಯಿತು. 2015ರ ಸೆಪ್ಟೆಂಬರ್ 17ರಂದು ಸೆಂಟ್ರಲ್ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಕರ್ಟಿಸ್ ಕೂಪರ್ ಓಡಿಸುತ್ತಿದ್ದ ಒಂದು ಕಂಪ್ಯೂಟರ್, 2ರ 7,42,07,281ನೆಯ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಅವಿಭಾಜ್ಯ ಎಂದು ವರದಿ ಮಾಡಿತು. 2,23,38,618 ಅಂಕೆಗಳ, ಆವರೆಗಿನ ಅತಿ ದೊಡ್ಡ ಅವಿಭಾಜ್ಯ. ಆದರೆ ಸುದ್ದಿ ತಿಳಿಸಬೇಕಿದ್ದ ಇಮೇಲ್ ಹೊರಡಲೇ ಇಲ್ಲ. 2016ರ ಜನವರಿ 7ರಂದು ಸರ್ವರಿನ ದೈನಂದಿನ ನಿರ್ವಹಣೆ ಮಾಡುವಾಗ ಅದು ಕಣ್ಣಿಗೆ ಬಿತ್ತು. ಹಾಗಾದರೆ ಸಂಖ್ಯೆ ಸಿಕ್ಕಿದ್ದು ಯಾವತ್ತು? ಮನುಷ್ಯರು ಗಮನಿಸಿದ ದಿನವೇ ಶೋಧದ ದಿನ ಎಂದು ಗಿಂಪ್ಸ್ ಜನವರಿ 7ನ್ನೇ ದಾಖಲಿಸಿತು. ಇತಿಹಾಸದವರಿಗೆ ಇದು ಹೊಸತಲ್ಲ. ಅಟ್ಟದ ಮೇಲಿನ ಕಡತ ಯಾರಾದರೂ ಬಿಚ್ಚಿ ಓದುವವರೆಗೆ ಬರೀ ಕಾಗದ.

ಇಷ್ಟು ಓದಿದ ಮೇಲೆ ನನ್ನ ಹದಿನೇಳು ಅಮಾನ್ಯಗಳನ್ನು ಬೇರೆ ಕಣ್ಣಿನಿಂದ ನೋಡಿದೆ. ಆ ಕೆಲಸಗಳನ್ನು ನನ್ನ ಜೊತೆಗೆ ಮಾಡಿದ್ದ ಅಪರಿಚಿತರ ಉತ್ತರಗಳು ಪರಸ್ಪರ ಹೊಂದಿದ್ದವು, ನನ್ನದು ಮಾತ್ರ ಹೊರಗಿತ್ತು. ಭಾನುವಾರ ಪೆಟ್ಟಿಗೆ ಬಿಚ್ಚಿದೆ. ಪ್ರೊಸೆಸರಿನ ಮೇಲಿನ ಫ್ಯಾನಿನಲ್ಲಿ ಬೆರಳುದಪ್ಪ ಧೂಳು. ಬ್ರಷ್ಷಿನಿಂದ ತೆಗೆದೆ, ಬಿಸಿ ಇಳಿಯಿತು, ಅಮಾನ್ಯ ನಿಲ್ಲಲಿಲ್ಲ. ರಾತ್ರಿಯಿಡೀ ಮೆಮೊರಿ ಪರೀಕ್ಷೆಗೆ ಹಚ್ಚಿದೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ತುಂಬ ಕೆಂಪು ಸಾಲುಗಳು. ಎರಡು ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿದಾಗ ಒಂದು ಕೆಟ್ಟಿರುವುದು ಖಚಿತವಾಯಿತು. ಅದನ್ನು ತೆಗೆದಿಟ್ಟ ಮೇಲೆ ಒಂದೂ ಉತ್ತರ ಅಮಾನ್ಯವಾಗಲಿಲ್ಲ.

ಎದೆ ಧಸಕ್ಕೆಂದದ್ದು ಆಮೇಲೆ. ನಾನು ಸುಮ್ಮನಿದ್ದ ಆ ಎರಡು ವಾರಗಳಲ್ಲೇ ನಂಜನಗೂಡು ಕಡೆಯ ಒಂದು ಹಳೆಯ ಮನೆಯಲ್ಲಿ ಶಾನುಭೋಗರ ಕಡತಗಳ ಫೋಟೋ ತೆಗೆದು ಬಂದಿದ್ದೆ. ಕ್ಯಾಮೆರಾದ ಕಾರ್ಡಿನಿಂದ ಅವನ್ನು ಈ ಕಂಪ್ಯೂಟರಿಗೆ ಇಳಿಸಿ, ಕಾರ್ಡನ್ನು ಅಳಿಸಿದ್ದೆ. ಕಾರ್ಡಿನಿಂದ ಡಿಸ್ಕಿಗೆ ಹೋಗುವ ಪ್ರತಿ ಚಿತ್ರವೂ ಆ ಕೆಟ್ಟ ಮೆಮೊರಿಯನ್ನು ಹಾದೇ ಹೋಗಬೇಕು. ಒಂದೊಂದಾಗಿ ತೆರೆದು ನೋಡಿದೆ. ಮೂರು ಚಿತ್ರಗಳು ಕೆಟ್ಟಿದ್ದವು. ಜೊತೆಗೆ ಬಂದಿದ್ದ ಗೆಳತಿಯ ಮೊಬೈಲಿನಲ್ಲಿ ಎರಡರ ಪ್ರತಿ ಸಿಕ್ಕಿತು. ಮೂರನೆಯದು ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1877ರ ಸುಮಾರಿಗೆ, ಊರು ಬಿಟ್ಟುಹೋದ ಒಕ್ಕಲುಗಳ ಪಟ್ಟಿ. ಮೇಲಿನ ಒಂಬತ್ತು ಹೆಸರು ಓದಬಹುದು, ಕೆಳಗೆ ಬರೀ ಬೂದುಬಣ್ಣ. ಮತ್ತೆ ಫೋಟೋ ತೆಗೆಯೋಣವೆಂದು ಫೋನ್ ಮಾಡಿದರೆ ಮನೆಯ ಯಜಮಾನರು, "ಮನೆ ಕೆಡವಿಸ್ತಾ ಇದೀವಿ, ಹಳೇ ಕಾಗದವನ್ನೆಲ್ಲ ಗುಜರಿಯವನಿಗೆ ಹಾಕಿಬಿಟ್ವಲ್ಲ" ಎಂದರು.

ಬರಗಾಲ, ವಲಸೆ, ಗೆದ್ದಲು ಎಲ್ಲವನ್ನೂ ದಾಟಿ ನೂರೈವತ್ತು ವರ್ಷ ಉಳಿದಿದ್ದ ಹೆಸರುಗಳು ನನ್ನ ಮೇಜಿನ ಕೆಳಗೆ ಅಳಿದವು. ಎಚ್ಚರಿಕೆ ಬಂದಿತ್ತು. ನೋಡಿಯೂ ನೋಡದಂತಿದ್ದದ್ದು ನಾನು.

ಮನೆಯ ಕಂಪ್ಯೂಟರುಗಳ ಆ ಕಾಲ ಈಗ ಮುಗಿಯುತ್ತಿದೆಯೇನೋ. ಸೆಟಿ ಅಟ್ ಹೋಮ್ 2020ರ ಮಾರ್ಚ್ 31ಕ್ಕೆ ಕೆಲಸ ಹಂಚುವುದನ್ನು ನಿಲ್ಲಿಸಿತು, ಬಂದು ಬಿದ್ದಿದ್ದ ಉತ್ತರಗಳನ್ನು ಕುಳಿತು ನೋಡುವ ಸಲುವಾಗಿ. 2024ರ ಅಕ್ಟೋಬರಿನಲ್ಲಿ ಗಿಂಪ್ಸ್‌ಗೆ ಸಿಕ್ಕ 4,10,24,320 ಅಂಕೆಗಳ ಅವಿಭಾಜ್ಯವನ್ನು ಮೊದಲು ಕಂಡದ್ದು ಯಾರ ಮನೆಯ ಯಂತ್ರವೂ ಅಲ್ಲ, ಡಬ್ಲಿನ್ನಿನ ದತ್ತಾಂಶ ಕೇಂದ್ರವೊಂದರ ಗ್ರಾಫಿಕ್ಸ್ ಪ್ರೊಸೆಸರ್. ಆದರೂ ಅದನ್ನು ಹಾಗೆಯೇ ನಂಬಲಿಲ್ಲ. ಮರುದಿನ ಟೆಕ್ಸಾಸಿನ ಇನ್ನೊಂದು ಪ್ರೊಸೆಸರ್ ತಾಳೆ ನೋಡಿತು, ಆಮೇಲೆ ಬೇರೆ ಬೇರೆ ಪ್ರೋಗ್ರಾಮುಗಳಿಂದ ಮತ್ತೆ ಮತ್ತೆ ಪರೀಕ್ಷಿಸಿದರು.

ನನ್ನ ಕಂಪ್ಯೂಟರು ಈಗಲೂ ರಾತ್ರಿ ಹೊತ್ತು ಪಲ್ಸಾರ್ ಹುಡುಕುತ್ತದೆ. ಬೆಳಿಗ್ಗೆ ಎದ್ದ ಕೂಡಲೆ ಆ ಪಟ್ಟಿ ನೋಡುತ್ತೇನೆ. ಕಡತಗಳ ಚಿತ್ರಗಳು ಈಗ ಎರಡು ಕಡೆ ಇವೆ. ತಿಂಗಳಿಗೊಮ್ಮೆ ಒಂದನ್ನೊಂದು ತಾಳೆ ನೋಡಿದ ಮೇಲೆಯೇ ಕಾರ್ಡು ಅಳಿಸುವುದು. ಪ್ರಬಂಧದಲ್ಲಿ ಆ ಪಟ್ಟಿಯ ಒಂಬತ್ತು ಹೆಸರುಗಳನ್ನು ಬರೆದು, 'ಮುಂದಿನ ಹೆಸರುಗಳು ಸಂಶೋಧಕರ ಅಜಾಗರೂಕತೆಯಿಂದ ನಷ್ಟವಾಗಿವೆ' ಎಂದು ಸೇರಿಸಿದ್ದೇನೆ. ಆ ಸಾಲು ಬೇಕೇ ಎಂದು ಮಾರ್ಗದರ್ಶಕರು ಕೇಳಿದರು. ಬೇಕು ಸರ್ ಎಂದೆ.