ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಮತ್ತು ನೈತಿಕ ನಾಯಕತ್ವ: ಸ್ನಾತಕೋತ್ತರ ಓದಿನ ಬಗ್ಗೆ ಒಂದಿಷ್ಟು ಮಾಹಿತಿ

ಪದವಿ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಧರ್ಮಕೇಂದ್ರದ ಕಚೇರಿಗೆ ಬರುವ ಹೆತ್ತವರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಫಾದರ್, ಮಗಳಿಗೆ ಎಂಬಿಎ ಮಾಡಿಸಬೇಕೆಂದಿದ್ದೇವೆ, ಯಾವ ವಿಷಯ ತೆಗೆದುಕೊಂಡರೆ ಒಳ್ಳೆಯದು?" ಫೈನಾನ್ಸ್, ಮಾರ್ಕೆಟಿಂಗ್, ಎಚ್‌ಆರ್ ಈ ಮೂರರ ಹೆಸರು ಎಲ್ಲರಿಗೂ ಗೊತ್ತು. ನಾಲ್ಕನೆಯದಾದ ಆಪರೇಷನ್ಸ್ ಬಗ್ಗೆ ಹೇಳಿದರೆ, ಅದು ಆಸ್ಪತ್ರೆಯವರಿಗೆ ಮಾತ್ರವೇ ಎಂದು ಕೇಳುವವರಿದ್ದಾರೆ. ಹಾಗಾಗಿ ಈ ಲೇಖನ.

ಒಂದು ಸಂಸ್ಥೆಯ ದಿನನಿತ್ಯದ ಕೆಲಸ ನಡೆಯುವ ಬಗೆಗೆ ಆಪರೇಷನ್ಸ್ ಎಂದು ಹೆಸರು. ಚರ್ಚ್ ಹಬ್ಬದ ದಿನ ಸಾವಿರದ ಇನ್ನೂರು ಜನರ ಊಟಕ್ಕೆ ಎಷ್ಟು ಅಕ್ಕಿ ಬೇಕು, ಎಷ್ಟು ಕೌಂಟರ್ ಹಾಕಬೇಕು, ಬಡಿಸಲು ಎಷ್ಟು ಮಂದಿ ಬೇಕು ಎಂದು ನಮ್ಮ ಗುರಿಕಾರರು ಲೆಕ್ಕ ಹಾಕುತ್ತಾರಲ್ಲ, ಅದೇ ವಿದ್ಯೆಯ ದೊಡ್ಡ ರೂಪವಿದು. ಕಾರ್ಖಾನೆ, ಬಂದರು, ಆಸ್ಪತ್ರೆ, ಬ್ಯಾಂಕು, ಶಾಲೆ ಎಲ್ಲಕ್ಕೂ ಅನ್ವಯಿಸುತ್ತದೆ. ಬೇಡಿಕೆಯ ಅಂದಾಜು, ದಾಸ್ತಾನು, ಗುಣಮಟ್ಟ, ಪೂರೈಕೆ ಸರಪಳಿ, ಕೆಲಸದ ವೇಳಾಪಟ್ಟಿ, ಸಾಲಿನ ಗಣಿತ ಇವು ಮುಖ್ಯ ಪಾಠಗಳು. ಇವುಗಳಲ್ಲಿ ಹಲವು ನೂರು ವರ್ಷಗಳಷ್ಟು ಹಳೆಯವು. ಟೆಲಿಫೋನ್ ಕರೆಗಳ ದಟ್ಟಣೆಯ ಬಗ್ಗೆ ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿ ಬರೆದ ಪ್ರಬಂಧದಿಂದ ಸಾಲಿನ ಗಣಿತ ಆರಂಭವಾಯಿತು. ಒಮ್ಮೆಗೆ ಎಷ್ಟು ಸರಕು ತರಿಸಿದರೆ ಖರ್ಚು ಕಡಿಮೆ ಎಂಬ ಹ್ಯಾರಿಸ್ ಅವರ ಸೂತ್ರ 1913ರದು. ಶೆವ್‌ಹಾರ್ಟ್ ಅವರ ಗುಣಮಟ್ಟ ನಿಯಂತ್ರಣದ ನಕ್ಷೆ 1924ರದು. ಪಿಯುಸಿ ಮಟ್ಟದ ಗಣಿತ, ಅದರ ಮೇಲೆ ಸ್ವಲ್ಪ ಸಂಖ್ಯಾಶಾಸ್ತ್ರ ಇದ್ದವರಿಗೆ ಭಯಪಡುವಂಥದ್ದೇನೂ ಇಲ್ಲ. ಎಂಜಿನಿಯರಿಂಗ್ ಓದಿದವರೇ ಹೆಚ್ಚಾಗಿ ಈ ಕಡೆ ಹೋಗುತ್ತಾರೆ ಎಂಬುದು ನಿಜ, ಆದರೆ ಬಿಕಾಂ ಮುಗಿಸಿದವರಿಗೂ ಬಾಗಿಲು ತೆರೆದಿದೆ.

ಇದಕ್ಕೂ ನೀತಿಗೂ ಏನು ಸಂಬಂಧ?

ಒಂದು ಉದಾಹರಣೆಯಿಂದ ಹೇಳುವುದು ಸುಲಭ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬ ವೈದ್ಯರು ಗಂಟೆಗೆ ಸರಾಸರಿ 10 ರೋಗಿಗಳನ್ನು ನೋಡಬಲ್ಲರು ಎನ್ನೋಣ. ರೋಗಿಗಳು ಗಡಿಯಾರ ನೋಡಿಕೊಂಡು ಬರುವವರಲ್ಲ. ಒಮ್ಮೆಗೇ ಐದು ಮಂದಿ ಬರುತ್ತಾರೆ, ಆಮೇಲೆ ಹತ್ತು ನಿಮಿಷ ಯಾರೂ ಇರುವುದಿಲ್ಲ. ಗಂಟೆಗೆ ಸರಾಸರಿ 8 ಮಂದಿ ಬಂದರೆ, ಪಠ್ಯಪುಸ್ತಕದ ಸರಳ ಸೂತ್ರದ ಪ್ರಕಾರ ಒಬ್ಬ ರೋಗಿ ಒಳಗೆ ಹೋಗುವ ಮೊದಲು ಸರಾಸರಿ 24 ನಿಮಿಷ ಕಾಯಬೇಕು. 9 ಮಂದಿ ಬಂದರೆ 54 ನಿಮಿಷ. ಒಂಬತ್ತೂವರೆ ಆದರೆ 1 ಗಂಟೆ 54 ನಿಮಿಷ! ಬರುವವರ ಸಂಖ್ಯೆ ಸ್ವಲ್ಪವೇ ಏರಿದರೂ ಕಾಯುವ ಸಮಯ ಹಲವು ಪಟ್ಟು ಏರುತ್ತದೆ. ಸೆಮಿನರಿಯಲ್ಲಿ ಗಣಿತ ಬಿಟ್ಟು ವರ್ಷಗಳಾದ ನನಗೂ ಈ ಲೆಕ್ಕ ಮೊದಲು ನಂಬಲಾಗಲಿಲ್ಲ, ಕಾಗದದ ಮೇಲೆ ಮಾಡಿ ನೋಡಿದ ಮೇಲೆ ಒಪ್ಪಿದೆ.

ವೈದ್ಯರನ್ನು ಒಂದು ಕ್ಷಣವೂ ಖಾಲಿ ಕೂರಿಸಬಾರದು ಎಂದು ಹೊರಟ ಆಡಳಿತಗಾರರು ತಮಗರಿವಿಲ್ಲದೆಯೇ ಹೊರಗಿನ ಬೆಂಚನ್ನು ತುಂಬಿಸುತ್ತಾರೆ. ವೈದ್ಯರ ಸಂಬಳ ಲೆಕ್ಕಪುಸ್ತಕದಲ್ಲಿದೆ. ಬಂಟ್ವಾಳದ ಕಡೆಯಿಂದ ಮೊದಲ ಬಸ್ಸಿಗೆ ಬಂದ, ಬೀಡಿ ಕಟ್ಟಿ ಬದುಕುವ ಹೆಂಗಸು ಆ ದಿನ ಕಳೆದುಕೊಂಡ ಸಂಪಾದನೆ ಯಾವ ಪುಸ್ತಕದಲ್ಲೂ ಇಲ್ಲ. ಸೂತ್ರ ಎರಡನ್ನೂ ತೂಗಿ ಉತ್ತರ ಕೊಡಬಲ್ಲದು, ಆದರೆ ಯಾರ ಸಮಯಕ್ಕೆ ಎಷ್ಟು ಬೆಲೆ ಎಂಬುದನ್ನು ನಾವೇ ಅದಕ್ಕೆ ತಿಳಿಸಬೇಕು. ನೈತಿಕ ನಾಯಕತ್ವದ ಪ್ರಶ್ನೆ ಏಳುವುದು ಇಲ್ಲಿಯೇ, ಲೆಕ್ಕದಲ್ಲಿ ಯಾರನ್ನು ಸೇರಿಸುತ್ತೇವೆ ಮತ್ತು ಯಾರನ್ನು ಬಿಡುತ್ತೇವೆ ಎಂಬಲ್ಲಿ.

ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶದ ಸಾವರ್‌ನಲ್ಲಿದ್ದ ರಾಣಾ ಪ್ಲಾಜಾ ಕಟ್ಟಡವನ್ನು ಇಂದು ಹಲವು ತರಗತಿಗಳಲ್ಲಿ ಚರ್ಚಿಸುತ್ತಾರೆ. 2013ರ ಏಪ್ರಿಲ್ 23ರಂದು ಆ ಎಂಟು ಮಹಡಿಯ ಕಟ್ಟಡದಲ್ಲಿ ಬಿರುಕು ಕಾಣಿಸಿತು. ಕೆಳಗಿದ್ದ ಬ್ಯಾಂಕು ಮತ್ತು ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಮಹಡಿಗಳಲ್ಲಿದ್ದ ಉಡುಪು ಕಾರ್ಖಾನೆಗಳ ಕಾರ್ಮಿಕರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಸಲಾಯಿತು. ಬರದಿದ್ದರೆ ಸಂಬಳ ಸಿಗದೆಂದು ಹೆದರಿಸಿದ್ದರು ಎಂದು ಬದುಕುಳಿದವರು ಹೇಳಿದ್ದಾರೆ. 24ರ ಬೆಳಿಗ್ಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಹೆಂಗಸರು. ವಿದೇಶದ ಬ್ರಾಂಡುಗಳ ಆರ್ಡರ್ ತಡವಾದರೆ ಎಷ್ಟು ನಷ್ಟ ಎಂಬ ಅಂಕಿ ಮ್ಯಾನೇಜರರ ಮುಂದೆ ಸ್ಪಷ್ಟವಾಗಿತ್ತು, ಬಿರುಕಿಗೆ ಅಂಕಿ ಇರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಬ್ರಾಂಡುಗಳೂ ಕಾರ್ಮಿಕ ಸಂಘಟನೆಗಳೂ ಸೇರಿ ಕಟ್ಟಡ ಮತ್ತು ಬೆಂಕಿ ಸುರಕ್ಷತೆಯ ಬಗ್ಗೆ ಕಾನೂನುಬದ್ಧ ಒಪ್ಪಂದ ಮಾಡಿಕೊಂಡವು.

ಇದೇ ವಿದ್ಯೆಯ ಇನ್ನೊಂದು ಮುಖ ಮಧುರೈಯಲ್ಲಿದೆ. ಸರಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳ ಅರವಿಂದ್ ಕಣ್ಣಿನ ಆಸ್ಪತ್ರೆ ಆರಂಭಿಸಿದರು. ಅಲ್ಲಿ ಒಬ್ಬ ಶಸ್ತ್ರವೈದ್ಯರ ಬಳಿ ಎರಡು ಮೇಜುಗಳು. ಒಂದರಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಇನ್ನೊಂದರಲ್ಲಿ ಮುಂದಿನ ರೋಗಿ ಸಿದ್ಧ. ಪೂರ್ವಸಿದ್ಧತೆಯ ಕೆಲಸವೆಲ್ಲ ತರಬೇತಿ ಪಡೆದ ಹಳ್ಳಿಯ ಹುಡುಗಿಯರದು. ಇದರಿಂದ ಒಬ್ಬ ವೈದ್ಯರು ಮಾಡುವ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿ, ಹಣ ಕೊಡುವವರಿಂದ ಬಂದ ಆದಾಯದಲ್ಲಿ ಬಡವರಿಗೆ ಉಚಿತ ಚಿಕಿತ್ಸೆ ಸಾಧ್ಯವಾಯಿತು. 1992ರಲ್ಲಿ ಆರಂಭವಾದ ಅವರ ಆರೋಲ್ಯಾಬ್, ಕಣ್ಣೊಳಗೆ ಇಡುವ ಮಸೂರವನ್ನು ಇಲ್ಲಿಯೇ ತಯಾರಿಸಿ ಬೆಲೆಯನ್ನು ಬಹಳ ಇಳಿಸಿತು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1993ರಲ್ಲಿ ಈ ಆಸ್ಪತ್ರೆಯ ಬಗ್ಗೆ ಪಾಠ ಬರೆಸಿತು. ಇಲ್ಲಿಯೂ ವೈದ್ಯರ ಒಂದು ನಿಮಿಷವೂ ವ್ಯರ್ಥವಾಗುವುದಿಲ್ಲ, ಗಮನಿಸಿ. ಆದರೆ ಉಳಿಸಿದ ನಿಮಿಷ ಯಾರಿಗೆ ಸೇರಬೇಕೆಂದು ಮೊದಲೇ ತೀರ್ಮಾನವಾಗಿತ್ತು.

ನೀತಿಯನ್ನು ಬೇರೆಯೇ ಪುಸ್ತಕದಲ್ಲಿ ಬರೆದಿಟ್ಟರೆ ಸಾಲದು ಎಂಬುದಕ್ಕೆ ಎನ್ರಾನ್ ಸಾಕ್ಷಿ. 2001ರಲ್ಲಿ ದಿವಾಳಿಯಾದ ಆ ಕಂಪನಿಯಲ್ಲಿ 64 ಪುಟಗಳ ನೀತಿಸಂಹಿತೆ ಇತ್ತು. 2008ರ ಆರ್ಥಿಕ ಕುಸಿತದ ನಂತರ, 2009ರಲ್ಲಿ ಹಾರ್ವರ್ಡ್‌ನ ಎಂಬಿಎ ವಿದ್ಯಾರ್ಥಿಗಳು ಪ್ರಾಮಾಣಿಕತೆಯ ಪ್ರತಿಜ್ಞೆಯೊಂದನ್ನು ರೂಪಿಸಿದರು. ಒಳ್ಳೆಯದೇ. ಆದರೆ ಪದವಿ ಪ್ರದಾನದ ದಿನ ಪ್ರತಿಜ್ಞೆ ಹೇಳುವುದಕ್ಕಿಂತ, ಬಿರುಕು ಬಿಟ್ಟ ಕಟ್ಟಡದ ಎದುರು ನಿಂತು "ಇವತ್ತು ಕೆಲಸ ಇಲ್ಲ" ಎನ್ನುವುದು ಕಷ್ಟ.

ಎಲ್ಲಿ ಓದಬಹುದು?

ಆಪರೇಷನ್ಸ್‌ಗೆ ಹೆಸರಾದದ್ದು ಮುಂಬಯಿಯಲ್ಲಿ 1963ರಲ್ಲಿ ಆರಂಭವಾದ ನೈಟೀ. 2023ರಲ್ಲಿ ಅದು ಐಐಎಂ ಮುಂಬಯಿ ಆಯಿತು. ಪ್ರವೇಶ ಕ್ಯಾಟ್ ಪರೀಕ್ಷೆಯ ಮೂಲಕ. ಯೇಸುಸಭೆಯ ಗುರುಗಳು ಆರಂಭಿಸಿದ ಸಂಸ್ಥೆಗಳಲ್ಲಿ ಜೆಮ್‌ಷೆಡ್‌ಪುರದ ಎಕ್ಸ್‌ಎಲ್‌ಆರ್‌ಐ (1949) ಹಿರಿಯದು. ಮೊದಲಿಗೆ ಅದರ ಗಮನ ಕಾರ್ಮಿಕ ಸಂಬಂಧಗಳ ಮೇಲಿತ್ತು. 1991ರಲ್ಲಿ ಅಲ್ಲಿ ಜೆ.ಆರ್.ಡಿ. ಟಾಟಾ ಅವರ ಹೆಸರಿನಲ್ಲಿ ವ್ಯವಹಾರ ನೀತಿಯ ಪ್ರತಿಷ್ಠಾನ ಸ್ಥಾಪನೆಯಾಯಿತು. ಅವರು ನಡೆಸುವ ಕ್ಸಾಟ್ ಪರೀಕ್ಷೆಯಲ್ಲಿ ನಿರ್ಧಾರ ಕೈಗೊಳ್ಳುವ ಬಗ್ಗೆಯೇ ಒಂದು ವಿಭಾಗವಿದ್ದು, ಇಕ್ಕಟ್ಟಿನ ಸಂದರ್ಭಗಳನ್ನು ಕೊಟ್ಟು ನೀವಾದರೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಚೆನ್ನೈಯ ಲಿಬಾ (1979), ಭುವನೇಶ್ವರದ ಎಕ್ಸ್‌ಐಎಂಬಿ (1987) ಇದೇ ಸಾಲಿನವು. ನಮ್ಮ ಕರಾವಳಿಯಲ್ಲಿ ಮಣಿಪಾಲದ ಟ್ಯಾಪ್ಮಿ (1980) ಇದೆ, 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾದ ಸಂತ ಅಲೋಶಿಯಸ್‌ನ ಕೋಟೆಕಾರು ಬೀರಿ ಕ್ಯಾಂಪಸ್ ಇದೆ. ರಾಜ್ಯದ ಇತರ ಕಾಲೇಜುಗಳ ಸರಕಾರಿ ಕೋಟಾ ಸೀಟುಗಳಿಗೆ ಪಿಜಿಸಿಇಟಿ ಬರೆಯಬೇಕು.

ಸೇರುವ ಮೊದಲು ಹಳೆ ವಿದ್ಯಾರ್ಥಿಗಳನ್ನು ಎರಡು ಮಾತು ಕೇಳಿ. ನೀತಿಯ ವಿಷಯ ಒಂದು ಸೆಮಿಸ್ಟರಿನ ಬಿಡಿ ಪೇಪರ್ ಮಾತ್ರವೇ ಅಥವಾ ದಾಸ್ತಾನು, ಪೂರೈಕೆ ಸರಪಳಿಯ ತರಗತಿಗಳಲ್ಲೂ ಚರ್ಚೆಗೆ ಬರುತ್ತದೆಯೇ? ಬೇಸಿಗೆಯ ಪ್ರಾಜೆಕ್ಟಿನಲ್ಲಿ ಕಾರ್ಖಾನೆಯ ನೆಲಕ್ಕೆ ಕಳುಹಿಸುತ್ತಾರೆಯೇ ಅಥವಾ ಕಂಪ್ಯೂಟರ್ ಮುಂದೆ ಕೂರಿಸಿಯೇ ಮುಗಿಸುತ್ತಾರೆಯೇ?

ನಮ್ಮ ಶಾಲೆ, ಆಸ್ಪತ್ರೆ, ಹಾಸ್ಟೆಲುಗಳ ಹೊಣೆ ಹೊತ್ತ ಗುರುಗಳು ಮತ್ತು ಧರ್ಮಭಗಿನಿಯರಿಗೂ ಈ ಓದು ಹೊರಗಿನದಲ್ಲ. ಧರ್ಮಸಭೆಯ ಕಾನೂನುಸಂಹಿತೆಯ 1286ನೇ ವಿಧಿ, ಆಸ್ತಿಯ ಆಡಳಿತಗಾರರು ದೇಶದ ಕಾರ್ಮಿಕ ಕಾನೂನನ್ನು ಪಾಲಿಸಬೇಕು, ಕೆಲಸಗಾರರಿಗೆ ನ್ಯಾಯಯುತ ವೇತನ ಕೊಡಬೇಕು ಎಂದು ವಿಧಿಸುತ್ತದೆ. ಪಾಲನಾ ಸಮಿತಿಯಲ್ಲಿ ಮುಂದಿನ ಸಲ ಬಜೆಟ್ ಚರ್ಚೆಗೆ ಬಂದಾಗ, ನಮ್ಮ ಶಾಲೆಯ ಆಯಾಗಳು ಮತ್ತು ರಾತ್ರಿ ಕಾವಲುಗಾರರ ಪಾಳಿ ಎಷ್ಟು ಗಂಟೆಯದೆಂದು ಒಮ್ಮೆ ಕೇಳಿ ನೋಡಬಹುದು.