ರದ್ದಾದ ಕಾಯ್ದೆ, ಮುಚ್ಚದ ರಿಜಿಸ್ಟರ್

ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂಬುದು ಇವತ್ತಿಗೂ ಒಂದು ವಸತಿಯ ಹೆಸರು. ಗದಗ-ಬೆಟಗೇರಿಯಲ್ಲೂ ಅದೇ ಹೆಸರಿನದೊಂದಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿ ಪ್ರಾಂತದ ಸರ್ಕಾರ ‘ಅಪರಾಧಿ ಬುಡಕಟ್ಟು’ಗಳೆಂದು ಘೋಷಿಸಿದ ಜನರನ್ನು ಬೇಲಿಯೊಳಗೆ ತಂದು ಕೂರಿಸಿದ್ದು ಇಂಥ ಜಾಗಗಳಲ್ಲೇ. ವಿಜಯಪುರ, ಸೊಲ್ಲಾಪುರಗಳಲ್ಲೂ ಇವಿದ್ದವು. ಗಂಟಿಚೋರರು, ಕೊರವರು, ಹರಣಶಿಕಾರಿಗಳು, ಛಪ್ಪರಬಂದರು, ಹೀಗೆ ಹಲವು ಸಮುದಾಯಗಳ ಗಂಡಸರು, ಹೆಂಗಸರು, ಮಕ್ಕಳು ಅಲ್ಲಿದ್ದರು. ದುಡಿಯುವವರು ಗಿರಣಿಗೋ ರೈಲ್ವೆ ಕೆಲಸಕ್ಕೋ ಹೋಗಬೇಕಿತ್ತು, ಗೊತ್ತುಮಾಡಿದ ಹೊತ್ತಿಗೆ ಹಾಜರಿ ಕೊಡಬೇಕಿತ್ತು, ಊರ ಗಡಿ ದಾಟಬೇಕಾದರೆ ಪಾಸು ಪಡೆಯಬೇಕಿತ್ತು. ಇಷ್ಟೆಲ್ಲ ಕಟ್ಟುಪಾಡಿಗೆ ಒಳಪಡಿಸಲು ಕೋರ್ಟಿನ ತೀರ್ಪು ಬೇಕಿರಲಿಲ್ಲ, ರಿಜಿಸ್ಟರಿನಲ್ಲಿ ಹೆಸರಿದ್ದರೆ ಸಾಕಿತ್ತು. 1952ರ ಆಗಸ್ಟ್ 31ರಂದು, ಇದಕ್ಕೆಲ್ಲ ಆಧಾರವಾಗಿದ್ದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ದೇಶದಾದ್ಯಂತ ರದ್ದಾಯಿತು, ಆ ಸಮುದಾಯಗಳು ವಿಮುಕ್ತವಾದವು ಎಂದು ಈ ಕಥೆಯನ್ನು ಮುಗಿಸುವುದು ರೂಢಿ. ಆದರೆ ಅಂದು ರದ್ದಾದದ್ದು ಕಾಯ್ದೆ ಮಾತ್ರ. ಒಬ್ಬನ ಮೇಲಿನ ಅಪರಾಧದ ದಾಖಲೆಯನ್ನು ತೆರೆಯುವುದು ಹೇಗೆಂದು ನಮ್ಮ ಕಾನೂನು ಎಳೆಎಳೆಯಾಗಿ ಬರೆದಿಟ್ಟಿದೆ. ಅದನ್ನು ಮುಚ್ಚುವುದು ಹೇಗೆಂಬುದನ್ನು ಮಾತ್ರ ಅಂದಿನಿಂದ ಇಂದಿನವರೆಗೂ ಬಹುಮಟ್ಟಿಗೆ ದಾಖಲೆ ಇಟ್ಟುಕೊಂಡವರ ಮರ್ಜಿಗೇ ಬಿಟ್ಟಿದೆ.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಜಾರಿಗೆ ಬಂದಾಗ ವೈಸರಾಯ್ ಮಂಡಳಿಯಲ್ಲಿ ಕಾನೂನು ಸದಸ್ಯನಾಗಿದ್ದವನು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ಅದೇ ವರ್ಷ ಇಂಗ್ಲೆಂಡಿನಲ್ಲೂ ಅಪರಾಧ ತಡೆಯ ಕಾಯ್ದೆಯೊಂದು ಬಂದು, ಶಿಕ್ಷೆಯಾದವರ ರಿಜಿಸ್ಟರ್ ಇಡುವ ಏರ್ಪಾಡಾಯಿತು. ಅಲ್ಲಿ ಹೆಸರು ಸೇರಬೇಕಾದರೆ ಅಪರಾಧ ಸಾಬೀತಾಗಿರಬೇಕಿತ್ತು. ಇಲ್ಲಿ ಆ ಜಾತಿಯಲ್ಲಿ ಹುಟ್ಟಿದ್ದರೆ ಸಾಕಿತ್ತು. ಎರಡೂ ಒಂದೇ ಸಾಮ್ರಾಜ್ಯದ, ಒಂದೇ ವರ್ಷದ ಕಾನೂನುಗಳು. ಭಾರತದ ಕಾಯ್ದೆ ಮೊದಲು ಉತ್ತರದ ಕೆಲವು ಪ್ರಾಂತಗಳಿಗಷ್ಟೇ ಅನ್ವಯಿಸುತ್ತಿತ್ತು. 1911ರಲ್ಲಿ ಅದು ಬ್ರಿಟಿಷ್ ಭಾರತಕ್ಕೆಲ್ಲ ಹಬ್ಬಿತು, ಜೊತೆಗೆ ಬೆರಳಚ್ಚು ತೆಗೆಯುವ ಅಧಿಕಾರವೂ ಬಂತು. 1924ರಲ್ಲಿ ಎಲ್ಲ ತಿದ್ದುಪಡಿಗಳನ್ನೂ ಒಟ್ಟುಗೂಡಿಸಿ ಹೊಸದಾಗಿ ಬರೆದರು. ಈ 1924ರ ಪಠ್ಯವನ್ನು ಬಿಡಿಸಿ ನೋಡುವುದು ಒಳ್ಳೆಯದು. ಅದರ 8ನೆಯ ಕಲಮಿನ ಪ್ರಕಾರ, ರಿಜಿಸ್ಟರಿನಲ್ಲಿ ತನ್ನ ಹೆಸರು ಬಂದದ್ದು ಅನ್ಯಾಯ ಎನಿಸಿದವನು ಜಿಲ್ಲಾ ಮ್ಯಾಜಿಸ್ಟ್ರೇಟನಿಗೆ ದೂರು ಕೊಡಬಹುದು. ಹೆಸರನ್ನು ಉಳಿಸುವುದೋ ಅಳಿಸುವುದೋ ಮ್ಯಾಜಿಸ್ಟ್ರೇಟನ ಮನಸ್ಸಿಗೆ ಕಂಡಂತೆ. ಅಂದರೆ ಅಳಿಸುವ ದಾರಿ ಇರಲಿಲ್ಲವೆಂದಲ್ಲ. ಆದರೆ ರಿಜಿಸ್ಟರ್ ಸಿದ್ಧಪಡಿಸಿ ಎಂದು ಆಜ್ಞೆ ಮಾಡುವವನೇ ಅಳಿಸುವವನೂ ಆಗಿದ್ದ. ಒಂದು ಸಮುದಾಯವನ್ನು ಅಪರಾಧಿ ಎಂದು ಘೋಷಿಸಿದ ಅಧಿಸೂಚನೆಯನ್ನಂತೂ ಯಾವ ಕೋರ್ಟೂ ಪ್ರಶ್ನಿಸುವಂತಿರಲಿಲ್ಲ. ಇನ್ನು 23ನೆಯ ಕಲಮು: ನಿಗದಿತ ಅಪರಾಧಗಳಲ್ಲಿ ಎರಡನೆಯ ಸಲ ಶಿಕ್ಷೆಯಾದರೆ ಕನಿಷ್ಠ ಏಳು ವರ್ಷ ಸೆರೆ, ಮೂರನೆಯ ಸಲಕ್ಕೆ ಜೀವಾವಧಿ ಗಡೀಪಾರು. ಬೇರೆ ಜಾತಿಯವನಿಗೆ ಹಳೆಯದೆನಿಸಿ ಹೋಗಬಹುದಾಗಿದ್ದ ಸಣ್ಣ ಕಳವು ಈ ಜನರ ಪಾಲಿಗೆ ಎಂದೂ ಹಳೆಯದಾಗುತ್ತಿರಲಿಲ್ಲ.

ಸ್ವಾತಂತ್ರ್ಯದ ಹೊತ್ತಿಗೆ ಈ ಕಾಯ್ದೆಯನ್ನು ಬಾಯಿಬಿಟ್ಟು ಸಮರ್ಥಿಸುವುದು ಕಷ್ಟವಾಗಿತ್ತು. ಮದ್ರಾಸು 1947ರಲ್ಲಿ, ಮುಂಬಯಿ 1949ರಲ್ಲಿ ತಂತಮ್ಮ ಪ್ರಾಂತಗಳಲ್ಲಿ ಅದನ್ನು ತೆಗೆದುಹಾಕಿದವು. ಅನಂತಶಯನಂ ಅಯ್ಯಂಗಾರ್ ಅಧ್ಯಕ್ಷತೆಯ ವಿಚಾರಣಾ ಸಮಿತಿ 1950ರಲ್ಲಿ ವರದಿ ಕೊಟ್ಟ ಮೇಲೆ ಕೇಂದ್ರವೂ ಕೈಬಿಟ್ಟಿತು. ಆದರೆ ತೆಗೆದ ಜಾಗವನ್ನು ಯಾರೂ ಖಾಲಿ ಬಿಡಲಿಲ್ಲ. ‘ರೂಢಿಗತ ಅಪರಾಧಿ’ಗಳನ್ನು ನಿರ್ಬಂಧಿಸುವ ಕಾಯ್ದೆಯನ್ನು ಮುಂಬಯಿ 1947ರಲ್ಲೇ ಮಾಡಿಟ್ಟುಕೊಂಡಿತ್ತು, ಮದ್ರಾಸು 1948ರಲ್ಲಿ ಮಾಡಿತು. ಏಕೀಕರಣದ ನಂತರದ ಮೈಸೂರು ರಾಜ್ಯಕ್ಕೂ 1961ರಲ್ಲಿ ಅಂಥದ್ದೊಂದು ಬಂತು. ನೋಂದಣಿ, ಬೆರಳಚ್ಚು, ವಾಸಸ್ಥಳ ಬದಲಿಸಿದರೆ ತಿಳಿಸುವುದು, ಸಂಚಾರಕ್ಕೆ ಮಿತಿ: ಹಳೆಯ ಕಾಯ್ದೆಯ ಸಲಕರಣೆಗಳೆಲ್ಲ ಹೊಸದರಲ್ಲೂ ಕಾಣಿಸಿಕೊಂಡವು. ಕೇಂದ್ರದ ರದ್ದತಿ ಕಾಯ್ದೆಯೋ ತೀರ ಚಿಕ್ಕದು. ಠಾಣೆಗಳ ಕಪಾಟಿನಲ್ಲಿದ್ದ ರಿಜಿಸ್ಟರುಗಳ ಗತಿಯೇನು, ಅದರಲ್ಲಿನ ಬೆರಳಚ್ಚುಗಳನ್ನು ಏನು ಮಾಡಬೇಕು ಎಂಬುದು ಅದರ ವಿಷಯವೇ ಆಗಿರಲಿಲ್ಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಹಳೆಯ ಕಾಯ್ದೆ ಜಾತಿಯನ್ನು ನೋಡುತ್ತಿತ್ತು, ಹೊಸದು ವ್ಯಕ್ತಿಯನ್ನು ನೋಡುತ್ತದೆ. ಹಲವು ಸಲ ಶಿಕ್ಷೆಯಾದವನಷ್ಟೇ ಅದರ ಕೈಗೆ ಸಿಗುತ್ತಾನೆ. ಎರಡನ್ನೂ ಒಂದೇ ಎನ್ನುವುದು ಹೇಗೆ? ಕಾಗದದ ಮೇಲೆ ಈ ವ್ಯತ್ಯಾಸ ನಿಜ, ದೊಡ್ಡದೂ ಹೌದು. ಆದರೆ ಪೊಲೀಸರ ಮತ್ತು ಜೈಲಿನವರ ಕೈಪಿಡಿಗಳಿಗೆ ಅದು ಇಳಿಯಲೇ ಇಲ್ಲ. ವಿಮುಕ್ತ ಬುಡಕಟ್ಟಿನ ಯಾವ ಸದಸ್ಯನನ್ನಾದರೂ, ಸರ್ಕಾರದ ವಿವೇಚನೆಗೆ ಒಳಪಟ್ಟು, ರೂಢಿಗತ ಅಪರಾಧಿಯೆಂದು ಪರಿಗಣಿಸಬಹುದು ಎಂಬ ನಿಯಮ 1987ರ ಮಧ್ಯಪ್ರದೇಶದ ಜೈಲು ಕೈಪಿಡಿಯಲ್ಲಿತ್ತು. ಕಾಯ್ದೆ ಸತ್ತು ಮೂವತ್ತೈದು ವರ್ಷವಾದ ಮೇಲಿನ ಮಾತಿದು. ಬ್ರಿಟಿಷರು ಬಿಟ್ಟುಹೋದದ್ದು ಎಂದು ಅವರ ತಲೆಗೆ ಕಟ್ಟುವಂತೆಯೂ ಇಲ್ಲ. ಇಂಥ ನಿಯಮಗಳು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಗಲು 2024ರ ಅಕ್ಟೋಬರ್ 3ರ ಸುಕನ್ಯಾ ಶಾಂತಾ ಪ್ರಕರಣದ ತೀರ್ಪು ಬರಬೇಕಾಯಿತು. ಕೈದಿಗಳ ರಿಜಿಸ್ಟರಿನಲ್ಲಿರುವ ಜಾತಿಯ ಕಾಲಮನ್ನೇ ತೆಗೆಯಿರಿ ಎಂದು ನ್ಯಾಯಪೀಠ ಹೇಳಿತು. ವಿಮುಕ್ತ, ಅಲೆಮಾರಿ ಬುಡಕಟ್ಟುಗಳ ಕುರಿತ ಬಾಳಕೃಷ್ಣ ರೇಣಕೆ ಆಯೋಗ 2008ರಲ್ಲೇ ರೂಢಿಗತ ಅಪರಾಧಿ ಕಾಯ್ದೆಗಳನ್ನು ರದ್ದುಮಾಡಿ ಎಂದಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ಪೊಲೀಸರ ಕಡೆಯಿಂದ ಬರುವ ಆಕ್ಷೇಪ ಬೇರೆ ತರಹದ್ದು. ಹಿಂದಿನದು ಗೊತ್ತಿಲ್ಲದೆ ಪತ್ತೆ ಕೆಲಸ ನಡೆಯುವುದು ಹೇಗೆ? ಹಳೆಯ ಕಳ್ಳನ ಕೈಚಳಕದ ಗುರುತು ಇಟ್ಟುಕೊಳ್ಳದಿದ್ದರೆ ಪ್ರತಿ ಕೇಸನ್ನೂ ಅ ಆ ಇ ಈಯಿಂದ ಶುರುಮಾಡಬೇಕಾಗುತ್ತದೆ. ಅದು ಸರಿಯೇ. ಆದರೆ ದಾಖಲೆ ಬೇಕು ಎನ್ನುವುದರಿಂದ ದಾಖಲೆಗೆ ಕೊನೆ ಬೇಡ ಎಂಬುದು ಸಿದ್ಧವಾಗುವುದಿಲ್ಲ. ನಮ್ಮ ಠಾಣೆಗಳಲ್ಲಿ ರೌಡಿ ಶೀಟ್ ತೆರೆಯುವುದು ಶಾಸನಸಭೆ ಮಾಡಿದ ಕಾನೂನಿನಿಂದಲ್ಲ, ಪೊಲೀಸ್ ಕೈಪಿಡಿಯ ಬಲದಿಂದ. ಕೇಸುಗಳೆಲ್ಲ ಖುಲಾಸೆಯಾದ ಮೇಲೂ ಶೀಟ್ ಉಳಿದು, ಗಣೇಶನ ಹಬ್ಬವೋ ಚುನಾವಣೆಯೋ ಬಂದಾಗ ಠಾಣೆಯ ಅಂಗಳಕ್ಕೆ ಕರೆ ಬರುವುದು, ಅದನ್ನು ತೆಗೆಸಲು ಹೈಕೋರ್ಟಿಗೆ ರಿಟ್ ಹಾಕುವುದು ಹೊಸ ಸುದ್ದಿಯಲ್ಲ. ರಿಟ್ ಹಾಕುವಷ್ಟು ಹಣವಿದ್ದವನ ಶೀಟ್ ಮುಚ್ಚುತ್ತದೆ, ಕೂಲಿಯವನದು ಉಳಿಯುತ್ತದೆ. ಸ್ವತಃ ಬ್ರಿಟನ್ 1974ರಲ್ಲಿ ಬೇರೆ ದಾರಿ ಹಿಡಿಯಿತು: ಎರಡೂವರೆ ವರ್ಷ ಮೀರದ ಸೆರೆಶಿಕ್ಷೆ ಅನುಭವಿಸಿದವನು ಗೊತ್ತಾದ ಅವಧಿಯವರೆಗೆ ಮತ್ತೆ ತಪ್ಪು ಮಾಡದಿದ್ದರೆ, ಸಾಮಾನ್ಯ ಕೆಲಸಕ್ಕೆ ಅರ್ಜಿ ಹಾಕುವಾಗ ಆ ಶಿಕ್ಷೆಯನ್ನು ಹೇಳಿಕೊಳ್ಳಬೇಕಿರಲಿಲ್ಲ. ಅವಧಿ ಕಾನೂನಿನಲ್ಲೇ ಬರೆದಿದೆ, ಯಾರ ಕಾಲಿಗೂ ಬೀಳಬೇಕಿಲ್ಲ.

ನಮಗೂ ಅದು ಗೊತ್ತಿಲ್ಲದ ವಿದ್ಯೆಯಲ್ಲ. 1920ರ ಕೈದಿಗಳ ಗುರುತಿನ ಕಾಯ್ದೆ ವಸಾಹತು ಕಾಲದ್ದೇ. ಮೊದಲು ಶಿಕ್ಷೆಯಾಗಿರದ ವ್ಯಕ್ತಿ ಖುಲಾಸೆಯಾದರೆ ಅವನ ಅಳತೆ, ಫೋಟೋಗಳನ್ನು ನಾಶಮಾಡಬೇಕು, ಇಲ್ಲವೇ ಅವನ ಕೈಗೇ ಕೊಡಬೇಕು ಎಂದು ಅದರ 7ನೆಯ ಕಲಮು ಹೇಳುತ್ತಿತ್ತು. ಹಾಗೆ ಮಾಡುವುದು ಬೇಡವೆಂದಾದರೆ ಅದಕ್ಕೆ ಕಾರಣವನ್ನು ಲಿಖಿತವಾಗಿ ಕೊಡಬೇಕಿತ್ತು. 2015ರ ಬಾಲನ್ಯಾಯ ಕಾಯ್ದೆಯ 24ನೆಯ ಕಲಮು ಇನ್ನೂ ಮುಂದೆ ಹೋಗಿ, ಮೇಲ್ಮನವಿಯ ಅವಧಿ ಮುಗಿದ ಮೇಲೆ ಮಗುವಿನ ಶಿಕ್ಷೆಯ ದಾಖಲೆಯನ್ನೇ ನಾಶಪಡಿಸುವ ಏರ್ಪಾಡು ಮಾಡಿದೆ. ಹದಿನಾರು ದಾಟಿದವರ ಘೋರ ಅಪರಾಧಗಳಿಗೆ ಮಾತ್ರ ವಿನಾಯಿತಿ. ದೊಡ್ಡವರ ವಿಷಯದಲ್ಲಿ 1958ರ ಪ್ರೊಬೇಷನ್ ಕಾಯ್ದೆ ಶಿಕ್ಷೆಗೆ ಅಂಟಿಕೊಂಡ ಅನರ್ಹತೆಯನ್ನು ತೆಗೆಯುತ್ತದೆ, ದಾಖಲೆಯನ್ನಲ್ಲ. 1920ರ ಕಾಯ್ದೆಯ ಜಾಗಕ್ಕೆ ಬಂದ 2022ರ ಕಾಯ್ದೆಯಂತೂ ಗುರುತಿನ ವಿವರಗಳನ್ನು ಎಪ್ಪತ್ತೈದು ವರ್ಷ ಇಟ್ಟುಕೊಳ್ಳಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋಗೆ ಅಧಿಕಾರ ಕೊಟ್ಟಿದೆ. ಖುಲಾಸೆಯಾದವನ ವಿವರ ನಾಶಪಡಿಸುವ ಮಾತು ಅದರಲ್ಲೂ ಇದೆ, ಆದರೆ ಶಿಕ್ಷೆಯಾದವನಿಗೆ ಎಪ್ಪತ್ತೈದು ವರ್ಷವೆಂದರೆ ಅವನ ಆಯುಸ್ಸೇ ಮುಗಿದಂತೆ.

ಮೂರನೆಯ ಆಕ್ಷೇಪ ಇತಿಹಾಸದ ಕಡೆಯಿಂದ ಬರುತ್ತದೆ, ನನಗೆ ಎಲ್ಲಕ್ಕಿಂತ ಗಟ್ಟಿ ಎನಿಸುವುದೂ ಇದೇ. ಹಳೆಯ ರಿಜಿಸ್ಟರುಗಳನ್ನು ಸುಟ್ಟರೆ ಅನ್ಯಾಯದ ಸಾಕ್ಷ್ಯವೂ ಸುಡುತ್ತದಲ್ಲ? ಸಾಕ್ಷ್ಯ ಹೋದರೆ ಪರಿಹಾರ ಕೇಳುವ ಬಾಯಿಯೂ ಬಿದ್ದುಹೋಗುತ್ತದೆ. ಇದನ್ನು ಒಪ್ಪಬೇಕು. ಆದರೆ ಠಾಣೆಯಲ್ಲಿರುವ ಕಾಗದ ಮತ್ತು ಪತ್ರಾಗಾರದಲ್ಲಿರುವ ಕಾಗದ ಎರಡೂ ಒಂದೇ ಅಲ್ಲ. ಠಾಣೆಯಲ್ಲಿದ್ದಾಗ ಅದು ಮೊಮ್ಮಗನನ್ನು ಸಂಶಯದಿಂದ ನೋಡಲು ಬಳಕೆಯಾಗುತ್ತದೆ, ಪತ್ರಾಗಾರ ಸೇರಿದರೆ ಅದೇ ಕಾಗದ ಅವನ ಹಕ್ಕಿನ ಪರ ಹೇಳುತ್ತದೆ. 1952ರಲ್ಲಿ ಆಗಬೇಕಿದ್ದ ಕೆಲಸ ಇದು: ರಿಜಿಸ್ಟರುಗಳನ್ನು ಪೊಲೀಸರ ಕೈಯಿಂದ ಬಿಡಿಸಿ, ಕಾಲಮಿತಿಯೊಡನೆ ಪತ್ರಾಗಾರಕ್ಕೆ ಒಪ್ಪಿಸುವುದು.

2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರೌಡಿ ಶೀಟಿನಂತೆಯೇ ಠಾಣೆಯಲ್ಲಿಡುವ ಹಿಸ್ಟರಿ ಶೀಟುಗಳ ವಿಷಯಕ್ಕೆ ಬಂದಾಗ ಈ ಹಳೆಯ ತೊಡಕು ಮತ್ತೆ ಕಾಣಿಸಿತು. ಹಿಂದುಳಿದ ಸಮುದಾಯಗಳ ಅಮಾಯಕರ ಹೆಸರನ್ನು ಯಾಂತ್ರಿಕವಾಗಿ ಸೇರಿಸಬೇಡಿ, ಆಗಾಗ್ಗೆ ಪರಿಶೀಲಿಸಿ ಎಂದು ಅದು ಎಲ್ಲ ರಾಜ್ಯಗಳಿಗೂ ಹೇಳಿತು. ಒಳ್ಳೆಯ ಮಾತು. ಆದರೆ ಆ ಪರಿಶೀಲನೆ ಮಾಡಬೇಕಾದವರು ಹಿರಿಯ ಪೊಲೀಸ್ ಅಧಿಕಾರಿಗಳೇ. 1924ರಲ್ಲಿ ಅಳಿಸುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟನ ಬಳಿಯಾದರೂ ಇತ್ತು. ಇಂದು ಅದು ಶೀಟ್ ತೆರೆದ ಇಲಾಖೆಯೊಳಗೇ ಉಳಿದಿದೆ.